ನಾಟಿದ ಮೇಲೆ ನೋಡಬೇಕು

ಹಿಂಗಾರಿ ಬಿತ್ತಿಗೆ ಮುಗಿದು ಎಂಟು-ಹತ್ತು ದಿನವಾದರೆ ಸೊಲ್ಲಾಪುರ ಜಿಲ್ಲೆಯ ಭಂಡಾರಕವಠೆಯ ಕಡೆ ಬದುವಿನ ಮೇಲೆ ನಿಂತವರು ಕೇಳುವ ಮಾತು ಒಂದೇ: “ನಾಟಿಗಿ ಹೆಂಗೈತ್ರಿ?” ಕೂರಿಗೆಯ ಸಾಲು ಎಲ್ಲೂ ಕಡಿಯದೆ ಹಸಿರಾಗಿದ್ದರೆ ಎಲ್ಲರಿಗೂ ಸಮಾಧಾನ. ಆದರೆ ಪೈರು ನೋಡುವ ಚಟ ಹಿಡಿದವರು ಮೊದಲ ವಾರದ ಹಸಿರಿಗೆ ಮರುಳಾಗಬಾರದು, ಅದರಲ್ಲೂ ಸವಳು ಹತ್ತಿದ ತಗ್ಗಿನ ಎರಿ ಹೊಲದಲ್ಲಿ.

ಮಳೆಯನ್ನೇ ನಂಬಿದ ಎತ್ತರದ ಹೊಲಕ್ಕೆ ಈ ಕಾಟ ಕಡಿಮೆ. ನೀರು ಹೆಚ್ಚಾದಲ್ಲೇ ಸವಳು. ಜಿಗುಟು ಎರಿಮಣ್ಣು ನೀರನ್ನು ಬೇಗ ಕೆಳಕ್ಕೆ ಬಿಡುವುದಿಲ್ಲ, ಸೊಲ್ಲಾಪುರದ ಬಿಸಿಲು ಅದನ್ನು ಮೇಲಕ್ಕೆಳೆಯುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಉಳಿಯುತ್ತದೆ. ಭೀಮೆಗೆ ಸೇರುವ ನೀರಾ ನದಿಯ ಕಣಿವೆಯಲ್ಲಿ ಕಾಲುವೆ ಬಂದ ಕೆಲವೇ ದಶಕಗಳಲ್ಲಿ ಹೊಲಗಳು ಹೀಗೇ ಕೆಟ್ಟವು. ಪುಣೆಯ ಕೃಷಿ ಕಾಲೇಜಿನ ಹೆರಾಲ್ಡ್ ಮ್ಯಾನ್ 1910ರಲ್ಲೇ ಆ ಸವಳು ನೆಲದ ಬಗ್ಗೆ ವರದಿ ಬರೆದಿದ್ದರು. ಅದಾಗಿ ಎಪ್ಪತ್ತು ವರ್ಷಕ್ಕೆ ಭೀಮೆಯ ಮೇಲೆ ಉಜನಿ ಅಣೆಕಟ್ಟು ಮುಗಿಯಿತು, ನೀರಿನ ಹಿಂದೆ ಕಬ್ಬು ಬಂತು. ಬಸಿಗಾಲುವೆ ತೋಡಬೇಕೆಂಬುದು ಮಾತ್ರ ಯಾರಿಗೂ ಅವಸರದ ಕೆಲಸವಾಗಲಿಲ್ಲ.

ಉಪ್ಪು ಬೀಜವನ್ನು ಮೊದಲು ಕೊಲ್ಲುವುದು ವಿಷವಾಗಿ ಅಲ್ಲ, ಬಾಯಾರಿಸಿ. ಮಣ್ಣಿನಲ್ಲಿ ಹಸಿ ಇದೆ, ಕೈಗೆ ತಂಪಾಗಿಯೂ ಹತ್ತುತ್ತದೆ. ಆದರೆ ಆ ನೀರನ್ನು ಉಪ್ಪು ಬಿಗಿಹಿಡಿದಿರುತ್ತದೆ. ಕಾಳು ಉಬ್ಬಲು ಹೆಚ್ಚು ಹೊತ್ತು ಬೇಕು, ಮೊಳಕೆ ತಡವಾಗುತ್ತದೆ, ತಡವಾದಷ್ಟೂ ಬೂಸಿಗೆ, ಇರುವೆಗೆ ಅನುಕೂಲ.

ಬಿಳಿಜೋಳ ಇಷ್ಟನ್ನು ಗೆದ್ದುಬಿಡುತ್ತದೆ, ಮೋಸ ಇರುವುದು ಅಲ್ಲೇ. ಜೋಳ ಮೊಳೆಯುವಾಗ ತಡೆದುಕೊಂಡಷ್ಟು ಉಪ್ಪನ್ನು ಎಳೆ ಪೈರಾದಾಗ ತಡೆದುಕೊಳ್ಳದು. ಮೂರು-ನಾಲ್ಕು ಎಲೆ ಬಂದ ಮೇಲೆ ನಿಂತಲ್ಲೇ ನಿಲ್ಲುತ್ತದೆ. ಬೇರಿನಿಂದ ಏರಿದ ಸೋಡಿಯಂ ಹಳೆಯ ಎಲೆಗಳಲ್ಲಿ ಕೂಡುತ್ತದೆ; ಅವುಗಳ ತುದಿ, ಅಂಚು ಸುಟ್ಟಂತಾಗುತ್ತವೆ. ನಾನು ಬಗ್ಗಿ ನೋಡುವುದು ಆ ಕೆಳಗಿನ ಎಲೆಗಳನ್ನೇ. ಸುಳಿ ಹಸಿರಾಗಿದ್ದು ಕೆಳ ಎಲೆಯ ತುದಿ ಕರಕಾಗಿದ್ದರೆ ಉಪ್ಪಿನ ಮೇಲೆ ಮೊದಲ ಅನುಮಾನ.

1977ರಲ್ಲಿ ಅಮೆರಿಕದ ಮಾಸ್ ಮತ್ತು ಹಾಫ್‌ಮನ್ ಬೆಳೆಗಳ ಸಹನೆಯ ಪಟ್ಟಿ ಮಾಡಿದರು, ಆಮೇಲೆ ಅದಕ್ಕೆ ಹೊಸ ಅಂಕಿಗಳೂ ಸೇರಿದವು. ಮಣ್ಣಿನ ಉಪ್ಪನ್ನು ವಿದ್ಯುತ್ ವಾಹಕತೆಯಿಂದ, ಮೀಟರಿಗೆ ಡೆಸಿಸೀಮೆನ್ಸ್ ಲೆಕ್ಕದಲ್ಲಿ ಅಳೆದರೆ ಜೋಳದ ಇಳುವರಿ 6.8ರವರೆಗೆ ಕುಗ್ಗುವುದಿಲ್ಲ, ಅಲ್ಲಿಂದ ಒಂದೊಂದು ಅಂಕ ಏರಿದಂತೆ ನೂರಕ್ಕೆ 16ರಷ್ಟು ಬೀಳುತ್ತದೆ. ಕಬ್ಬಿನ ಗಡಿ ಬರೀ 1.7, ಆದರೆ ಅದರ ಇಳಿತ ನೂರಕ್ಕೆ 6ರಷ್ಟು, ನಿಧಾನದ್ದು. ಜೋಳ ಬಹಳ ಹೊತ್ತು ಸುಮ್ಮನಿದ್ದು ಸಿಟ್ಟಾಗುವ ಅತ್ತೆಯಂತೆ. ಮೋಹೋಳದಲ್ಲಿ 1930ರ ದಶಕದಲ್ಲಿ ಆಯ್ದ ಮಾಲದಂಡಿ ಎಂ 35-1, ನಮ್ಮ ಭಕ್ಕರಿಯ ಹೆಮ್ಮೆ, ಒಣ ಎರಿಗೆ ಹೇಳಿ ಮಾಡಿಸಿದ ತಳಿ. ಅದನ್ನು ಸವಳಿಗೆ ಹಾಕಿ ಪರೀಕ್ಷೆ ಮಾಡುವುದು ನನಗೆ ಸರಿ ಕಾಣದು.

ಇನ್ನು ನೆಲದ ಬಣ್ಣ. ಬಿಳಿ ಹಿಟ್ಟು ಚೆಲ್ಲಿದಂತಿದ್ದರೆ ಜನ ಹೆದರುತ್ತಾರೆ. ನನಗೆ ಕರಿ ಜಿಡ್ಡಿನ ಹೊಳಪಿನದೇ ಹೆಚ್ಚು ಭಯ. ಬಿಳಿಯದನ್ನು ಒಳ್ಳೆಯ ನೀರು ಕಟ್ಟಿ, ಬಸಿಗಾಲುವೆಯಿಂದ ತೊಳೆದು ಹಾಕಬಹುದು. ಕರಿಯದರಲ್ಲಿ ಸೋಡಿಯಂ ಜೇಡಿಯ ಕಣಗಳನ್ನೇ ಬಿಡಿಸಿರುತ್ತದೆ, ಮಳೆ ಬಿದ್ದು ಒಣಗಿದರೆ ಮೇಲೆ ಗಟ್ಟಿ ಹಕ್ಕಳೆ. ಅಲ್ಲಿ ಮೊಳಕೆ ಉಪ್ಪಿಗಿಂತ ಮುಂಚೆ ಉಸಿರುಕಟ್ಟಿಯೇ ಸಾಯುತ್ತದೆ. ಅಂಥ ನೆಲಕ್ಕೆ ಜಿಪ್ಸಮ್ ಬೇಕು. ಬಿಳಿಯದಕ್ಕೂ ಚೀಲಗಟ್ಟಲೆ ಜಿಪ್ಸಮ್ ಸುರಿಯುವುದು ದುಡ್ಡು ಹಾಳು, ಬಸಿ ದಾರಿ ಇಲ್ಲದಿದ್ದರೆ ಎರಡಕ್ಕೂ ಪ್ರಯೋಜನವಿಲ್ಲ.

ನೀರು ಹಾಯಿಸಿ ಬೋದಿನ ಮೇಲೆ ಬಿತ್ತುವವರಿಗೆ ಇನ್ನೊಂದು ಮಾತು. ಉಪ್ಪು ಬೋದಿನ ನೆತ್ತಿಗೆ ಏರುತ್ತದೆ, ಬೀಜ ಮಾತ್ರ ಇಳಿಜಾರಿನ ನಡುವೆ ಇರಲಿ.

ನಾಟದೆ ಹೋದಾಗ ಅಂಗಡಿಯವನ ಜೊತೆ ಜಗಳಕ್ಕೆ ಹೋಗುವ ಮುನ್ನ ಎರಡು ತಾಟು ಇಡಿ. ಒಂದರಲ್ಲಿ ಕುಡಿಯುವ ನೀರಿನಲ್ಲಿ ತೋಯಿಸಿದ ಬಟ್ಟೆ, ಇನ್ನೊಂದರಲ್ಲಿ ಹೊಲದ ಬಾವಿಯ ನೀರಿನದು, ಎರಡರ ಮೇಲೂ ನೂರು ನೂರು ಕಾಳು. ಎರಡೂ ಮೊಳೆಯದಿದ್ದರೆ ಬೀಜದ್ದೇ ತಪ್ಪು, ಹೋಗಿ ಜಗಳಾಡಿ. ಬಾವಿ ನೀರಿನದು ಮಾತ್ರ ಹಿಂದೆ ಬಿದ್ದರೆ ನೀರನ್ನು ಪರೀಕ್ಷೆಗೆ ಕಳಿಸಿ. ಎರಡೂ ಚಲೋ ಮೊಳೆತು ಹೊಲ ಮಾತ್ರ ಬೋಳಾಗಿದ್ದರೆ ಕುರ್ಪಿ ತಗೊಂಡು ಹಕ್ಕಳೆ ಎಬ್ಬಿಸಿ ನೋಡಿ.