ಉಪ್ಪಿನ ಪರೀಕ್ಷೆ

ನಮ್ಮ ಅತ್ತೆಗೆ ಎಂಬತ್ತೆರಡು ವರ್ಷ. ಪುತ್ತೂರಿನ ಮಳೆಗೂ ಅವರ ಉಬ್ಬಸಕ್ಕೂ ಹಳೆಯ ನಂಟು. ಆಟಿ ತಿಂಗಳು ಬಂತೆಂದರೆ ಕಪಾಟಿನ ಸೀರೆಗೆ ಬೂಷ್ಟು, ಚಪ್ಪಲಿಗೆ ಬೂಷ್ಟು, ರಾತ್ರಿಯಿಡೀ ಅತ್ತೆಯ ಎದೆಯಲ್ಲಿ ಸುಂಯ್ ಸುಂಯ್ ಸದ್ದು. "ಕೋಣೆಯ ತೇವ ಕಡಿಮೆ ಮಾಡಿ" ಎಂದು ಡಾಕ್ಟರು ಹೇಳಿದ್ದೇ ತಡ, ನಮ್ಮವರು ತೇವ ಹೀರುವ ಯಂತ್ರವೊಂದನ್ನು ತಂದಿಟ್ಟರು. ಅದು ಹಗಲೂ ರಾತ್ರಿ ಓಡಿದರೆ ಕರೆಂಟು ಬಿಲ್ಲಿನ ಗತಿ? ತೇವ 65 ದಾಟಿದಾಗ ತಾನಾಗಿ ಚಾಲೂ ಆಗಿ, 55ಕ್ಕೆ ಇಳಿದಾಗ ತಾನಾಗಿ ನಿಲ್ಲುವಂತೆ ಬೆಂಗಳೂರಿನ ಮಗ ಏರ್ಪಾಡು ಮಾಡಿಕೊಟ್ಟ. ಗೋಡೆಯಲ್ಲೊಂದು ಸ್ಮಾರ್ಟ್ ಪ್ಲಗ್ಗು, ಅದಕ್ಕೆ ಅಪ್ಪಣೆ ಕೊಡಲು ಬೆಂಕಿಪೆಟ್ಟಿಗೆಯಷ್ಟು ದೊಡ್ಡ, ವೈರಿಲ್ಲದ ಒಂದು ಸೆನ್ಸರು.

ಸೆನ್ಸರು ನೋಡಲು ಚೆಂದವಿತ್ತು. ಮೊಬೈಲಿನಲ್ಲಿ ಬಣ್ಣಬಣ್ಣದ ಗೆರೆ, 58.37 ಎಂದು ದಶಾಂಶದ ಮುಂದೆ ಎರಡಂಕಿ. ಇಷ್ಟು ಕರಾರುವಾಕ್ಕಾಗಿ ಹೇಳುವವರನ್ನು ನಂಬದಿರುವುದು ಹೇಗೆ? ನಾವು ನಂಬಿದೆವು. ಜುಲೈ ತಿಂಗಳೆಲ್ಲ ಅದು ಐವತ್ತೆಂಟರ ಆಚೀಚೆಯೇ ಇತ್ತು. ಯಂತ್ರ ಒಂದು ದಿನವೂ ಕೆಮ್ಮಲಿಲ್ಲ, ಕೆಮ್ಮಿದವರು ಅತ್ತೆ. "ಆ ಡಬ್ಬಿ ಏನು ಬೇಕಾದರೂ ಹೇಳಲಿ, ನನ್ನ ಭರಣಿಯ ಉಪ್ಪು ನೀರಾಗಿದೆ ನೋಡು" ಎಂದರು. ನಾನು ನಕ್ಕೆ. ಮರುದಿನ ಅವರ ಮಂಚ ಸರಿಸಿದರೆ ಹಿಂದಿನ ಗೋಡೆ ಮೊಣಕಾಲೆತ್ತರದವರೆಗೆ ಕಪ್ಪಗೆ ಬೂಷ್ಟು ಹಿಡಿದಿತ್ತು. ನಗು ನಿಂತಿತು.

ಹಾಗೆ ನೋಡಿದರೆ ಅತ್ತೆಯ ಕಲ್ಲುಪ್ಪಿನ ಸಾಕ್ಷಿಯೂ ಪೂರ್ತಿ ಸರಿಯಲ್ಲ. ಅದರಲ್ಲಿರುವ ಮೆಗ್ನೀಸಿಯಂ ಲವಣಗಳು ಸ್ವಲ್ಪ ತೇವಕ್ಕೇ ನೀರೊಡೆಯುತ್ತವೆ. ಆದರೆ ಪ್ಯಾಕೆಟಿನ ಪುಡಿಯುಪ್ಪು ಒಳ್ಳೆಯ ಪರೀಕ್ಷಕ. ಬಾಟಲಿಯ ಮುಚ್ಚಳದಲ್ಲಿ ಎರಡು ಚಮಚ ಉಪ್ಪು ಹಾಕಿ, ಒದ್ದೆ ಮರಳಿನಂತಾಗುವಷ್ಟು ಮಾತ್ರ ನೀರು ಚಿಮುಕಿಸಿ, ಅದನ್ನೂ ಸೆನ್ಸರನ್ನೂ ಒಂದಕ್ಕೊಂದು ತಾಗದಂತೆ ಗಾಜಿನ ಜಾಡಿಯೊಳಗಿಟ್ಟು ಬಿಗಿಯಾಗಿ ಮುಚ್ಚಿ. ಹತ್ತು ಹನ್ನೆರಡು ಗಂಟೆ ಮುಟ್ಟಬೇಡಿ. ಒಳಗಿನ ಆರ್ದ್ರತೆ ಶೇಕಡಾ 75ಕ್ಕೆ ಬಂದು ನಿಲ್ಲುತ್ತದೆ. ಇದು ಅಡುಗೆಮನೆಯ ಚಿಟಿಕೆವೈದ್ಯವಲ್ಲ, ಪ್ರಯೋಗಾಲಯಗಳಲ್ಲೂ ಬಳಸುವ ಕ್ರಮ. ನಮ್ಮ ಸೆನ್ಸರು ಬೆಳಿಗ್ಗೆ ತೋರಿಸಿದ್ದು 68. ಏಳು ಅಂಶ ಕಡಿಮೆ!

ಉಳಿದ ತಪ್ಪು ನಮ್ಮದು. ಅದನ್ನು ಟಿ.ವಿ. ಪಕ್ಕ, ಬೆಚ್ಚಗಿರುವ ಸೆಟ್‌ಟಾಪ್ ಬಾಕ್ಸಿನ ಮೇಲಿಟ್ಟಿದ್ದೆವು. ಗಾಳಿಯಲ್ಲಿರುವ ನೀರು ಅಷ್ಟೇ ಇದ್ದರೂ ಬಿಸಿ ಏರಿದರೆ ಸಾಪೇಕ್ಷ ಆರ್ದ್ರತೆ ಇಳಿಯುತ್ತದೆ. ಎಂಬತ್ತರ ಆಸುಪಾಸಿನಲ್ಲಿ ಒಂದು ಡಿಗ್ರಿ ಏರಿದರೆ ನಾಲ್ಕೈದು ಅಂಶ ಹೋಯಿತು. ಡಬ್ಬಿ ಕುಳಿತ ಜಾಗ ಒಣಗಿತ್ತು, ಮಂಚದ ಹಿಂದಿನ ತಣ್ಣನೆಯ ಗೋಡೆ ಬೆವರುತ್ತಿತ್ತು.

1783ರಲ್ಲೇ ಸ್ವಿಟ್ಜರ್ಲೆಂಡಿನ ಸೊಸ್ಸೂರ್ ಎಂಬಾತ ಮನುಷ್ಯರ ಕೂದಲಿನಿಂದ ತೇವ ಅಳೆಯುವ ಉಪಕರಣವನ್ನು ವಿವರಿಸಿದ್ದ. ತೇವಕ್ಕೆ ಕೂದಲು ಉದ್ದವಾಗುತ್ತದೆ, ಒಣಗಿದರೆ ಕುಗ್ಗುತ್ತದೆ. ಮಳೆಗಾಲದಲ್ಲಿ ಜಡೆ ಹೆಣೆದವರಿಗೆ ಇದರಲ್ಲಿ ಹೊಸತೇನಿದೆ ಅನ್ನಿ.

ಎರಡನೆಯ ಸಲ ಕೊಳ್ಳುವಾಗ ನಾನೇ ಮುಂದೆ ಕುಳಿತೆ. ಡಬ್ಬಿಯ ಹೆಸರಿಗಿಂತ ಒಳಗಿನ ಚಿಪ್ಪಿನ ಹೆಸರು ಮುಖ್ಯವಂತೆ. ಡಿಎಚ್‌ಟಿ 11 ಎಂಬ ಅಗ್ಗದ ಚಿಪ್ಪು ಉಷ್ಣತೆಯಲ್ಲಿ ಎರಡು ಡಿಗ್ರಿ, ತೇವದಲ್ಲಿ ಐದು ಅಂಶ ಆಚೀಚೆ ಹೋಗಬಹುದು ಎಂದು ತಯಾರಕರೇ ಒಪ್ಪುತ್ತಾರೆ. ಸೆನ್ಸಿರಿಯನ್ ಕಂಪನಿಯ ಎಸ್‌ಎಚ್‌ಟಿ 31ರಲ್ಲಿ ಸಾಮಾನ್ಯವಾಗಿ ಎರಡು ಅಂಶದೊಳಗೆ. ಐದು ಅಂಶ ತಪ್ಪುವ ಯಂತ್ರಕ್ಕೆ ದಶಾಂಶದ ಮುಂದೆ ಎರಡಂಕಿಯ ಶೃಂಗಾರ ಯಾಕೆ? ಜಾಹೀರಾತುಗಳಲ್ಲಿ ಆಪ್ ಎಷ್ಟು ಸುಂದರ ಎಂಬುದು ದೊಡ್ಡ ಅಕ್ಷರದಲ್ಲಿರುತ್ತದೆ. ಅಳತೆ ಎಷ್ಟು ನಿಜ ಎಂಬುದನ್ನು ಕನ್ನಡಕ ಹಾಕಿ ಹುಡುಕಬೇಕು. ಎಷ್ಟೋ ಕಡೆ ಹುಡುಕಿದರೂ ಇಲ್ಲ. ಅಂಥದ್ದನ್ನು ಬಿಟ್ಟುಬಿಟ್ಟೆ.

ವೈಫೈ ಸೆನ್ಸರು ಮನೆಯ ರೂಟರಿಗೇ ನೇರ ಮಾತಾಡುತ್ತದೆ, ಆದರೆ ಬ್ಯಾಟರಿಯನ್ನು ಬೇಗ ತಿನ್ನುತ್ತದೆ. ಜಿಗ್ಬಿ ಎಂಬುದು ಮಿತಭಾಷಿ, ನಾಣ್ಯದಂಥ ಒಂದು ಸೆಲ್ಲಿನಲ್ಲಿ ಬಹುಕಾಲ ಬಾಳುತ್ತದೆ. ಅದಕ್ಕೆ ಪ್ರತ್ಯೇಕ ಹಬ್ ಬೇಕು, ಆ ಖರ್ಚನ್ನು ಮೊದಲೇ ಲೆಕ್ಕ ಹಾಕಿ. ನಮ್ಮ ದಪ್ಪ ಕೆಂಪುಕಲ್ಲಿನ ಗೋಡೆ ದಾಟಲು ಅದು ತಿಣುಕಿತು. ನಡುವೆ ಕರೆಂಟಿನಲ್ಲಿ ಓಡುವ ಜಿಗ್ಬಿ ಪ್ಲಗ್ಗೊಂದನ್ನು ಹಾಕಿದ ಮೇಲೆ ಅದು ಮಾತನ್ನು ದಾಟಿಸಿತು. ಸೀರೆಗಳ ಕಬ್ಬಿಣದ ಕಪಾಟಿನೊಳಗೂ ಒಂದನ್ನಿಡುವ ಆಸೆಯಿತ್ತು. ಬಾಗಿಲು ಹಾಕಿದೊಡನೆ ಮೌನ. ಇನ್ನೊಂದು ಮಾತು: ನಮ್ಮೂರಲ್ಲಿ ಗುಡುಗಿದರೆ ಇಂಟರ್ನೆಟ್ ಹೋಗುತ್ತದೆ. ದೂರದ ಕಂಪನಿಯ ಕಂಪ್ಯೂಟರನ್ನು ಕೇಳಿಯೇ ಪ್ಲಗ್ಗು ಹಾಕಬೇಕಾದ ಸೆನ್ಸರು ಆಗ ಯಾರಿಗೆ ಬೇಕು? ಮನೆಯೊಳಗೇ ಲೆಕ್ಕ ಮುಗಿಸುವಂಥದ್ದನ್ನು ಆರಿಸಿದೆ. ಗುಡುಗಿಗೆ ಕರೆಂಟೇ ಹೋದರೆ? ಅದಕ್ಕೆ ನನ್ನ ಬಳಿ ಉತ್ತರವಿಲ್ಲ.

ಹೊಸ ಸೆನ್ಸರನ್ನು ಬಂದ ದಿನವೇ ಜಾಡಿಯೊಳಗೆ ಹಾಕಿದೆವು. ಬೆಳಿಗ್ಗೆ 74. ಅತ್ತೆಯ ಮಂಚದ ಹಿಂದೆ, ಗೋಡೆಯ ಹತ್ತಿರ ನೇತುಹಾಕಿದ್ದೇವೆ. ಮೊದಲ ದಿನ ಅಲ್ಲಿ 79 ತೋರಿಸಿತು, ಯಂತ್ರ ತಾನಾಗಿ ಗುರ್ರೆಂದಿತು. ಸಂಜೆಗೆ ಅದರ ಹೊಟ್ಟೆಯಿಂದ ಅರ್ಧ ಬಕೆಟ್ ನೀರು ಸುರಿದೆ. ಅತ್ತೆ ಬಕೆಟ್ಟನ್ನು ಇಣುಕಿ ನೋಡಿ, "ಇಷ್ಟನ್ನೂ ನಾನು ಉಸಿರಾಡುತ್ತಿದ್ದೆನಾ?" ಎಂದರು. ಆಮೇಲೆ ಜಾಡಿ ತೋರಿಸಿ, "ಆ ಉಪ್ಪನ್ನು ಚೆಲ್ಲಬೇಡ, ಸಾರಿಗಾಯಿತು."