'ಎಲ್ಲಾ ದೇಶಾನೂ ಈ ಹಂತ ದಾಟಿದೆ' ಅನ್ನೋರಿಗೆ ಒಂದು ಹಳೇ ಪುಸ್ತಕ

ಅಪ್ಪ ಮಗನನ್ನು ವ್ಯವಹಾರ ಕಲಿಯಲಿ ಅಂತ ಮ್ಯಾಂಚೆಸ್ಟರಿಗೆ ಕಳಿಸಿದ. ಮಗ ಕಲಿತದ್ದೇ ಬೇರೆ. ಅಪ್ಪ ಪಾಲುದಾರನಾಗಿದ್ದ ನೂಲಿನ ಗಿರಣಿಯಲ್ಲಿ ಕೆಲಸಕ್ಕೆಂದು 1842ರಲ್ಲಿ ಬಂದ ಫ್ರೆಡರಿಕ್ ಎಂಗೆಲ್ಸ್, ಎರಡು ವರ್ಷ ಊರಿನ ಸಂದಿಗೊಂದಿ ಸುತ್ತಿ, ಇಪ್ಪತ್ತನಾಲ್ಕನೇ ವಯಸ್ಸಿಗೆ 'ಇಂಗ್ಲೆಂಡಿನ ಕಾರ್ಮಿಕ ವರ್ಗದ ಸ್ಥಿತಿ' ಬರೆದ. ಅದು 1845ರಲ್ಲಿ ಜರ್ಮನ್ ಭಾಷೆಯಲ್ಲಿ ಅಚ್ಚಾಯಿತು. ಬ್ರಿಟನ್ನಿನ ಕಾರ್ಮಿಕರಿಗೆ ಅರ್ಪಣೆಯ ಮಾತುಗಳನ್ನು ಮಾತ್ರ ಇಂಗ್ಲಿಷಿನಲ್ಲಿ ಬರೆದಿದ್ದ. ಪೂರ್ತಿ ಪುಸ್ತಕ ಇಂಗ್ಲಿಷಿನಲ್ಲಿ ಬರಲು 1887ರವರೆಗೆ ಕಾಯಬೇಕಾಯಿತು, ಅದೂ ಬಂದದ್ದು ನ್ಯೂಯಾರ್ಕಿನಲ್ಲಿ. ಅಷ್ಟರೊಳಗೆ ಯಾರ ಬಗ್ಗೆ ಬರೆದಿದ್ದನೋ ಅವರಲ್ಲಿ ಬಹುಪಾಲು ಜನ ಬದುಕಿಯೇ ಇರಲಿಲ್ಲ.

ಈಗ್ಯಾಕೆ ಇದು ಅಂತೀರಾ? ನಮ್ಮಂಥವರ ಊಟದ ಟೇಬಲ್ಲಿನಲ್ಲಿ ಒಂದು ಮಾತು ಪದೇ ಪದೇ ಬರುತ್ತೆ. ಗಾರ್ಮೆಂಟ್ಸ್ ಹೆಣ್ಮಕ್ಕಳ ಸಂಬಳದ ಸುದ್ದಿಯೋ, ಡೆಲಿವರಿ ಹುಡುಗರ ಕೆಲಸದ ವೇಳೆಯೋ ಚರ್ಚೆಗೆ ಬಂದರೆ ಸಾಕು, ಯಾರಾದರೂ ಒಬ್ಬರು 'ಎಲ್ಲಾ ದೇಶಾನೂ ಈ ಹಂತ ದಾಟಿಯೇ ಬಂದಿದೆ, ಇಂಗ್ಲೆಂಡ್ ನೋಡಿ' ಅಂದುಬಿಡ್ತಾರೆ. ಸರಿ, ಇಂಗ್ಲೆಂಡನ್ನೇ ನೋಡೋಣ.

ಪುಸ್ತಕದ ಶಕ್ತಿ ಇರೋದು ದೊಡ್ಡ ಪಟ್ಟಣಗಳ ಬಗೆಗಿನ ಅಧ್ಯಾಯದಲ್ಲಿ. ಮ್ಯಾಂಚೆಸ್ಟರಿನ ಶ್ರೀಮಂತರು ಊರಾಚೆಯ ಬಂಗಲೆಗಳಿಂದ ಬಸ್ಸು ಹತ್ತಿ ಊರ ನಡುವಿನ ವ್ಯಾಪಾರ ಕೇಂದ್ರಕ್ಕೆ ಬರ್ತಾರೆ. ದಾರಿಯುದ್ದಕ್ಕೂ ಎರಡೂ ಕಡೆ ಅಂಗಡಿ ಸಾಲು. ಕಾರ್ಮಿಕರ ಕೇರಿಗಳು ಆ ಸಾಲಿನ ಬೆನ್ನಿಗೇ ಇವೆ, ಆದರೆ ದಿನಾ ಓಡಾಡುವವರ ಕಣ್ಣಿಗೆ ಬೀಳಲ್ಲ. ಯಾರೋ ಕೂತು ಪ್ಲಾನ್ ಹಾಕಿದ್ದಲ್ಲ, ಊರು ತಾನಾಗಿ ಹಾಗೆ ಬೆಳೆದಿದೆ ಅಂತ ಎಂಗೆಲ್ಸ್‌ಗೇ ಆಶ್ಚರ್ಯ. ಆಮೇಲೆ ಅವನು ನಮ್ಮನ್ನು ಆ ಅಂಗಡಿಗಳ ಹಿಂದಕ್ಕೆ ಕರೆದೊಯ್ತಾನೆ. 'ಲಿಟಲ್ ಐರ್ಲೆಂಡ್' ಅನ್ನೋ ಕೇರಿಯಲ್ಲಿ ಸುಮಾರು 200 ಪುಟ್ಟ ಮನೆ, 4,000 ಜನ. 120 ಜನಕ್ಕೆ ಒಂದು ಕಕ್ಕಸು, ಅದರ ಹತ್ತಿರಕ್ಕೂ ಹೋಗೋಕಾಗದಂಥ ಸ್ಥಿತಿ. ಇಲ್ಲಿ ಅವನು ಗುಣವಾಚಕ ಸುರಿಯಲ್ಲ. ಎಣಿಸ್ತಾನೆ, ಹೆಸರು ಹೇಳ್ತಾನೆ, ಯಾವ ಸೇತುವೆಯ ಮೇಲೆ ನಿಂತರೆ ಏನು ಕಾಣುತ್ತೆ ಅಂತ ತೋರಿಸ್ತಾನೆ.

ಇದು ಬರೀ ಸಿಟ್ಟಿನ ಯುವಕನ ಉತ್ಪ್ರೇಕ್ಷೆ ಅಂದುಕೊಂಡರೆ, 1842ರ ಎಡ್ವಿನ್ ಚಾಡ್ವಿಕ್ ವರದಿ ತೆರೆದು ನೋಡಿ. ಚಾಡ್ವಿಕ್ ಕ್ರಾಂತಿಕಾರಿ ಅಲ್ಲ, ಸರ್ಕಾರಿ ಅಧಿಕಾರಿ. ಅವನ ಲೆಕ್ಕದಲ್ಲಿ ಮ್ಯಾಂಚೆಸ್ಟರಿನ ಕೂಲಿ ಕುಟುಂಬಗಳಲ್ಲಿ ಸಾವಿನ ಸರಾಸರಿ ವಯಸ್ಸು 17, ಅದೇ ಊರಿನ ಶ್ರೀಮಂತರಲ್ಲಿ 38. ರಟ್‌ಲ್ಯಾಂಡ್ ಅನ್ನೋ ಹಳ್ಳಿಗಾಡಿನ ಕೂಲಿಗಳಲ್ಲೂ 38. 17 ಅಂದರೆ ಎಲ್ಲರೂ ಹದಿನೇಳಕ್ಕೇ ಸಾಯ್ತಿದ್ದರು ಅಂತಲ್ಲ. ಕೂಸುಗಳು ಅಷ್ಟೊಂದು ಸಾಯ್ತಿದ್ದವು ಅಂತ. ಹಳ್ಳಿಯ ಕೂಲಿಯೂ ಪಟ್ಟಣದ ಧಣಿಯೂ ಈ ಲೆಕ್ಕದಲ್ಲಿ ಸರಿಸಮ. ಸಂಬಳ ಪಟ್ಟಣದಲ್ಲೇ ಹೆಚ್ಚು, ಆಯಸ್ಸು ಮಾತ್ರ ಹಳ್ಳಿಯಲ್ಲಿ. ಜೀವನಮಟ್ಟ ಅಂದರೆ ಇವೆರಡರಲ್ಲಿ ಯಾವುದು?

ಇನ್ನು ಪುಸ್ತಕದ ಸೋಲು. ಮೊದಲ ಅಧ್ಯಾಯದಲ್ಲಿ ಯಂತ್ರ ಬರೋಕೆ ಮುಂಚಿನ ನೇಕಾರರ ಬದುಕಿನ ಚಿತ್ರ ಇದೆ. ಮನೆಯಲ್ಲೇ ಮಗ್ಗ, ಬೇಕಾದಷ್ಟೇ ದುಡಿಮೆ, ಸ್ವಲ್ಪ ಹೊಲ, ಗಟ್ಟಿಮುಟ್ಟಾದ ಮಕ್ಕಳು. ಇದರಲ್ಲಿ ಬಹಳಷ್ಟನ್ನು ಪೀಟರ್ ಗ್ಯಾಸ್ಕೆಲ್ ಅನ್ನೋನ 1833ರ ಪುಸ್ತಕದಿಂದ ತಗೊಂಡಿದ್ದಾನೆ, ಕಣ್ಣಾರೆ ಕಂಡದ್ದಲ್ಲ. ಆ ಬದುಕಿನಲ್ಲಿ ಬುದ್ಧಿಗೆ ಕೆಲಸವಿರಲಿಲ್ಲ ಅಂತ ಅವನೂ ಒಪ್ತಾನೆ. ಆದರೆ ಹೊಟ್ಟೆಗೆ ಕೊರತೆಯಿತ್ತು ಅಂತ ಒಪ್ಪಲ್ಲ. ಹಳ್ಳಿಯಲ್ಲೇ ಬೆಳೆದ ನನಗೆ ಇದು ರಜೆಗೆ ಬಂದವರು ತೆಗೆದ ಫೋಟೋ ಥರ ಕಾಣುತ್ತೆ. ಮಳೆ ಕೈಕೊಟ್ಟ ವರ್ಷ, ಸಾಲಕ್ಕೆ ಹೋದ ಎತ್ತು, ಮೇಲುಕೇರಿ-ಕೆಳಕೇರಿಯ ಲೆಕ್ಕ, ಇವ್ಯಾವೂ ಫೋಟೋಗೆ ಬರಲ್ಲ. ಜನ ಪಟ್ಟಣಕ್ಕೆ ನಡೆದದ್ದು ದಡ್ಡತನದಿಂದ ಅಲ್ಲ.

ಈ ವಿಷಯದಲ್ಲಿ ಇತಿಹಾಸಕಾರರ ಜಗಳ ಬಹಳ ಹಳೆಯದು. ಕೈಗಾರಿಕಾ ಕ್ರಾಂತಿಯಿಂದ ಬದುಕು ಸುಧಾರಿಸಿತು ಅಂತ ಹಾರ್ಟ್‌ವೆಲ್, ಇಲ್ಲ ಅಂತ ಹಾಬ್ಸ್‌ಬಾಮ್. ನನಗೆ ಹೆಚ್ಚು ಒಪ್ಪಿಗೆಯಾದದ್ದು ರಾಬರ್ಟ್ ಅಲೆನ್ 2009ರಲ್ಲಿ ಇಟ್ಟ ಲೆಕ್ಕ. 1780ರಿಂದ 1840ರವರೆಗೆ ಬ್ರಿಟನ್ನಿನಲ್ಲಿ ಪ್ರತಿ ಕೆಲಸಗಾರನ ಉತ್ಪಾದನೆ ಶೇ. 46 ಏರಿತು, ನಿಜವಾದ ಕೂಲಿ ಏರಿದ್ದು ಶೇ. 12 ಮಾತ್ರ. 1840ರಿಂದ 1900ರವರೆಗೆ ಉತ್ಪಾದನೆ ಶೇ. 90 ಏರಿದರೆ ಕೂಲಿ ಶೇ. 123 ಏರಿತು. ಮೊದಲ ಅರವತ್ತು ವರ್ಷದ ಆ ನಿಲುಗಡೆಗೆ ಅಲೆನ್ ಎಂಗೆಲ್ಸನ ಹೆಸರನ್ನೇ ಇಟ್ಟಿದ್ದಾರೆ.

ಅಂದರೆ 1900ರಲ್ಲಿ ನಿಂತು ಹಿಂದೆ ತಿರುಗಿದರೆ ಗ್ರಾಫ್ ಚೆಂದವಾಗಿ ಮೇಲಕ್ಕೇ ಹೋಗಿದೆ. ನಮ್ಮ ಕೆಲಸದಲ್ಲಿ ಇದನ್ನು ದಿನಾ ನೋಡ್ತೀವಿ. ಡ್ಯಾಶ್‌ಬೋರ್ಡಿನಲ್ಲಿ ಸರಾಸರಿ ಹಸಿರು, ಆದರೆ ನೂರಕ್ಕೆ ಐದು ಜನಕ್ಕೆ ಪೇಜೇ ತೆರೆಯಲ್ಲ. ಬೋಲ್ಟನ್ನಿನ ಕೈಮಗ್ಗದ ನೇಕಾರನ ವಾರದ ಕೂಲಿ 1805ರಲ್ಲಿ ಸುಮಾರು 25 ಷಿಲ್ಲಿಂಗ್, 1830ಕ್ಕೆ ಐದೂವರೆ. ಆ ನಡುವೆ ಬೆಲೆಗಳೂ ಇಳಿದಿದ್ದವು ನಿಜ, ಆದರೆ ಈ ಮಟ್ಟಕ್ಕಲ್ಲ. ಶೇ. 12ರ ಏರಿಕೆಯೊಳಗೆ ಅವನೂ ಸೇರಿಹೋಗಿದ್ದಾನೆ.

ಹಾಗಾದರೆ 1840ರ ನಂತರ ಬದಲಾದದ್ದು ಹೇಗೆ? ಬಂಡವಾಳ ಸಾಕಷ್ಟು ಕೂಡಿಬಂದ ಮೇಲೆ ಕೂಲಿಯೂ ಏರಿತು ಅಂತಾರೆ ಅಲೆನ್. ಇರಬಹುದು. ಆದರೆ ಚರಂಡಿ ಕೂಲಿಯಿಂದ ಬರಲ್ಲ. ಜವಳಿ ಗಿರಣಿಗಳಲ್ಲಿ ಹೆಂಗಸರಿಗೆ, ಎಳೆಯರಿಗೆ ಹತ್ತು ಗಂಟೆಯ ಮಿತಿ ಹಾಕಿದ್ದು 1847ರ ಕಾಯ್ದೆ, ಸಾರ್ವಜನಿಕ ಆರೋಗ್ಯಕ್ಕೆ 1848ರದ್ದು, ಶಾಲೆಗೆ 1870ರದ್ದು. ಒಂದೊಂದಕ್ಕೂ ಧಣಿಗಳ ವಿರೋಧ ಇತ್ತು, ಒಂದೊಂದಕ್ಕೂ ವರ್ಷಗಟ್ಟಲೆ ಹೋರಾಟ ನಡೆಯಿತು.

ಎಂಗೆಲ್ಸ್ ಎಡವಿದ್ದೂ ಇಲ್ಲೇ. ಅವನ ಸಾಕ್ಷ್ಯದ ದೊಡ್ಡ ಪಾಲು ಬಂದದ್ದು ಪಾರ್ಲಿಮೆಂಟಿನ ವರದಿಗಳಿಂದ. ಆ ವರದಿಗಳನ್ನು ಅವನು ಓದಿದ. ಬರೆಸಿದವರೂ ಓದಿ ಏನಾದರೂ ಮಾಡಿಯಾರು ಅಂತ ಮಾತ್ರ ನಂಬಲಿಲ್ಲ. ಕ್ರಾಂತಿ ಹೊಸ್ತಿಲಲ್ಲೇ ನಿಂತಿದೆ ಅಂದುಬಿಟ್ಟ, ಅದು ಬರಲಿಲ್ಲ. 1892ರ ಲಂಡನ್ ಆವೃತ್ತಿಯ ಮುನ್ನುಡಿಯಲ್ಲಿ ಆ ಭವಿಷ್ಯವಾಣಿಯನ್ನು ಯೌವನದ ಉತ್ಸಾಹದ ಲೆಕ್ಕಕ್ಕೆ ಹಾಕಿ, ಚರಂಡಿ ಬಂದಿದೆ, ಲಿಟಲ್ ಐರ್ಲೆಂಡ್ ಹೋಗಿದೆ ಅಂತ ತಾನೇ ದಾಖಲಿಸ್ತಾನೆ. ಆದರೆ ಮೂಲದ ಮಾತುಗಳನ್ನು ಅಳಿಸಲಿಲ್ಲ. ಅದು ನನಗೆ ಮೆಚ್ಚುಗೆಯಾಯಿತು.

ಇನ್ನೊಂದು ಕೊರತೆಯೂ ಇದೆ. ಪುಸ್ತಕ ಗಿರಣಿಯ ಗೇಟಿನಾಚೆ ಹೆಚ್ಚು ನೋಡಲ್ಲ. ಆ ಹತ್ತಿಯ ಬಹುಪಾಲು ಬರ್ತಿದ್ದದ್ದು ಅಮೆರಿಕದ ಗುಲಾಮರ ತೋಟಗಳಿಂದ. 1861ರಲ್ಲಿ ಅಲ್ಲಿ ಅಂತರ್ಯುದ್ಧ ಶುರುವಾದಾಗ ಲಂಕಾಶೈರಿನ ಕಣ್ಣು ನಮ್ಮ ಧಾರವಾಡದ ಹತ್ತಿಯ ಮೇಲೂ ಬಿತ್ತು. ಆ ಗಿರಣಿಗಳ ಅಗ್ಗದ ಬಟ್ಟೆ ಬಂದು ನಮ್ಮ ನೇಕಾರರ ಕೂಲಿಯನ್ನೂ ತಿಂದಿತ್ತು. ಇಂಗ್ಲೆಂಡು ಹಂತ ದಾಟಿದ ಲೆಕ್ಕದಲ್ಲಿ ಇವರನ್ನು ಯಾವ ಕಾಲಮ್ಮಿಗೆ ಹಾಕೋದು?

ಓದೋದಾದರೆ ಮೊದಲ ಅಧ್ಯಾಯದಲ್ಲಿ ಹೆಚ್ಚು ಹೊತ್ತು ನಿಲ್ಲಬೇಡಿ. ಪಟ್ಟಣಗಳ ಅಧ್ಯಾಯವನ್ನು ನಿಧಾನಕ್ಕೆ ಓದಿ, ಆಮೇಲೆ 1892ರ ಮುನ್ನುಡಿ ಓದಿ. ಮುಂದೆ ಯಾರಾದರೂ 'ಇದೊಂದು ಹಂತ ಅಷ್ಟೇ' ಅಂದರೆ ಮೂರು ಪ್ರಶ್ನೆ ಕೇಳಿ: ಎಷ್ಟು ವರ್ಷದ ಹಂತ, ಅಷ್ಟೂ ವರ್ಷ ಅದರೊಳಗೆ ಇದ್ದವರು ಯಾರು, ಯಾವ ಕಾಯ್ದೆ ಬಂದ ಮೇಲೆ ಅದು ಮುಗಿಯಿತು.