ಥಳುಕಿನ ಕೆಳಗಿನ ಸ್ಪಂಜು

ಹೋದ ಮಳೆಗಾಲದಲ್ಲಿ ನನ್ನ ಸ್ಕೂಟರಿನ ಸೀಟು ಹರಿಯಿತು. ಕುಶನ್ ಅಂಗಡಿಯೊಂದರಲ್ಲಿ ಅರ್ಧ ಗಂಟೆಯಲ್ಲಿ ಹೊಸ ಕವರ್ ಹಾಕಿಕೊಟ್ಟರು. ನೋಡಲು ಚೆಂದವಿತ್ತು. ಮಾರನೆಯ ದಿನ ಆಫೀಸು ತಲುಪುವಷ್ಟರಲ್ಲಿ ಪ್ಯಾಂಟು ಒದ್ದೆ. ಅಂದು ಮಳೆ ಹನಿದಿರಲಿಲ್ಲ. ಹಳೆಯ ಸ್ಪಂಜು ಕುಡಿದಿಟ್ಟುಕೊಂಡಿದ್ದ ನೀರು, ನಾನು ಕೂತೊಡನೆ ಹೊಸ ಹೊಲಿಗೆಯ ತೂತುಗಳಿಂದ ಮೇಲೆ ಬರುತ್ತಿತ್ತು.

ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ತಾಲ್ಲೂಕು ಊರುಗಳ ಬಸ್‌ಸ್ಟ್ಯಾಂಡ್ ಪಕ್ಕದ ಮಳಿಗೆಗಳವರೆಗೆ ಈ ಕಸುಬು ನಡೆಯುವುದು ಎರಡು ಬುದ್ಧಿಮಾತಿನ ಮೇಲೆ: ಬಂದ ಗಿರಾಕಿಯನ್ನು ವಾಪಸು ಕಳಿಸಬೇಡ, ಪಕ್ಕದ ಅಂಗಡಿಗಿಂತ ಕಮ್ಮಿ ಹೇಳು. ಕೇಳಲು ಜಾಣತನದಂತಿರುವ ಇವೆರಡೂ ಕಸುಬನ್ನು ಒಳಗಿಂದ ತಿನ್ನುತ್ತಿವೆ ಎಂಬುದು ನನ್ನ ಅಭಿಪ್ರಾಯ.

ಕೈಕೆಲಸದ ಬಗ್ಗೆ ತಕರಾರಿಲ್ಲ. ಹಳೆಯ ಕವರಿನ ಹೊಲಿಗೆಯನ್ನು ಬ್ಲೇಡಿನಿಂದ ಬಿಡಿಸಿ, ಆ ತುಂಡುಗಳನ್ನೇ ಅಳತೆಯಾಗಿ ಹೊಸ ರೆಕ್ಸಿನ್ ಮೇಲೆ ಹರಡಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಅರ್ಧ ಇಂಚು ಅಂಚು ಬಿಟ್ಟು ಕತ್ತರಿಸುವುದನ್ನು ನಿಂತು ನೋಡಬೇಕು. 54 ಇಂಚು ಅಗಲದ ರೋಲಿನಲ್ಲಿ ಯಾವ ತುಂಡು ಎಲ್ಲಿ ಕೂತರೆ ಚೂರು ಕಮ್ಮಿ ಉಳಿಯುತ್ತದೆ ಎಂಬುದು ಪೂರ್ತಿ ಕಣ್ಣಳತೆ. ಒಳ್ಳೆಯ ಕೆಲಸಗಾರ ಒತ್ತೊತ್ತಾಗಿ ಹೊಲಿಯುವುದಿಲ್ಲ; ಹಾಗೆ ಹೊಲಿದರೆ ರೆಕ್ಸಿನ್ ಅಂಚೆಚೀಟಿಯ ಹಾಳೆಯಂತೆ ತೂತಿನ ಸಾಲಲ್ಲೇ ಹರಿಯುತ್ತದೆ. ಇಂಚಿಗೆ 6ರಿಂದ 8 ಹೊಲಿಗೆ, ದಾರ ಹತ್ತಿಯದಲ್ಲ, ಪಾಲಿಯೆಸ್ಟರಿನದು. ಇಷ್ಟು ಬಲ್ಲವರೇ ಒದ್ದೆ ಸ್ಪಂಜಿನ ಮೇಲೆ ಕವರ್ ಎಳೆದುಬಿಡುತ್ತಾರೆ. ಕಾರಣ ಅಜ್ಞಾನವಲ್ಲ. ಬಾಗಿಲಲ್ಲೇ ಬೆಲೆ ಹೇಳಿಯಾಗಿದೆ; ಒಳಗೆ ಏನಿದೆಯೋ, ಅದು ಆ ಬೆಲೆಯಲ್ಲಿ ಸೇರಿಲ್ಲ.

ವಾಪಸು ಕಳಿಸಲೇಬೇಕಾದ ಕೆಲಸಗಳೂ ಇವೆ. ನಾವು ರೆಕ್ಸಿನ್ ಎಂದು ಒಂದೇ ಹೆಸರಿನಲ್ಲಿ ಕರೆಯುವುದರಲ್ಲಿ ಎರಡು ಜಾತಿ. ಪಿವಿಸಿ ಹಚ್ಚಿದ ಬಟ್ಟೆ ಬಿಸಿಲಿಗೆ ಮೆದುತನ ಕಳೆದುಕೊಂಡು ಗಡುಸಾಗಿ ಸೀಳುತ್ತದೆ. ಸೀಳು ಚಿಕ್ಕದಿದ್ದರೆ ಹಿಂಬದಿಗೆ ಬಟ್ಟೆಯ ತೇಪೆ ಅಂಟಿಸಿ, ಮೇಲೆ ಫಿಲ್ಲರ್ ತುಂಬಿ, ಬಿಸಿಯಲ್ಲಿ ಗೀರುವಿನ್ಯಾಸ ಒತ್ತಿ, ಬಣ್ಣ ಹೊಂದಿಸಬಹುದು. ಪಿಯು (ಪಾಲಿಯುರೆಥೇನ್) ಹಚ್ಚಿದ್ದು ಹಾಗಲ್ಲ. ಗಾಳಿಯ ತೇವಕ್ಕೇ ಅದರ ಪದರ ಸಡಿಲಾಗಿ ಹೊಪ್ಪಳೆ ಹೊಪ್ಪಳೆಯಾಗಿ ಏಳುತ್ತದೆ. ಮಂಗಳೂರು, ಉಡುಪಿಯ ಸೆಕೆಯಲ್ಲಿ ಇನ್ನೂ ಬೇಗ. ಒಮ್ಮೆ ಏಳತೊಡಗಿದ ಪಿಯು ಸೋಫಾಕ್ಕೆ ತೇಪೆ ಹಾಕುವುದೆಂದರೆ ಗಿರಾಕಿಯ ದುಡ್ಡು ನೀರಿಗೆಸೆದಂತೆ. ಕಾರಿನ ಸೀಟಿನ ಪಕ್ಕದಲ್ಲೇ ಏರ್‌ಬ್ಯಾಗ್ ಇದ್ದರಂತೂ ಮಾತು ಇನ್ನೂ ಗಂಭೀರ: ಆ ಬದಿಯನ್ನು ಬಿಗಿಯಾಗಿ ಹೊಲಿದು ಮುಚ್ಚಿದ ಕವರ್, ಅಪಘಾತದ ಕ್ಷಣದಲ್ಲಿ ಚೀಲ ಬಿಚ್ಚಿಕೊಳ್ಳದಂತೆ ತಡೆಯಬಹುದು. ಇಂಥಲ್ಲಿ ‘ಆಗಲ್ಲ ಸಾರ್’ ಎನ್ನುವವನೇ ಕಸುಬುದಾರ.

ಇನ್ನು ಬೆಲೆ. ರೆಕ್ಸಿನ್ ಖರ್ಚಿನ ಎರಡರಷ್ಟು ಎಂಬುದು ಹಲವರ ಸೂತ್ರ. ಇದರಲ್ಲಿ ಸಮಯಕ್ಕೆ ಲೆಕ್ಕವೇ ಇಲ್ಲ. ಒಂದು ಉದಾಹರಣೆ ಇಟ್ಟುಕೊಳ್ಳೋಣ: ತಿಂಗಳಿಗೆ ಬಾಡಿಗೆ 9,000, ಕರೆಂಟು ಮತ್ತು ಮಿಷನ್ ರಿಪೇರಿ 3,000, ಹುಡುಗನ ಸಂಬಳ 15,000, ಮಾಲೀಕನ ಸ್ವಂತ ಕೂಲಿ 24,000. ಒಟ್ಟು 51,000. ತಿಂಗಳಿಗೆ 25 ದಿನ ಅಂಗಡಿ ತೆರೆದರೂ ಗಿರಾಕಿ, ಚಹಾ, ಸಾಮಾನು ತರುವ ಓಡಾಟ ಕಳೆದು ನಿಜವಾಗಿ ಕೆಲಸ ನಡೆಯುವುದು ದಿನಕ್ಕೆ 6 ಗಂಟೆ. ಅಲ್ಲಿಗೆ ಅಂಗಡಿಯ ಒಂದು ಗಂಟೆಯ ಬೆಲೆ 340 ರೂಪಾಯಿ. ಒಂದೂವರೆ ಗಂಟೆ ಹಿಡಿಯುವ ಸೀಟಿಗೆ ಸಾಮಾನು ಬಿಟ್ಟು 510 ಬರಬೇಕು. ಪಕ್ಕದವನು 300 ಅಂದ ಎಂದು 290ಕ್ಕೆ ಇಳಿಯುವವನು ತನ್ನ ಕೂಲಿಯನ್ನೇ ಕೊಯ್ದುಕೊಂಡು, ಆ ನಷ್ಟವನ್ನು ಸ್ಪಂಜಿನಲ್ಲಿ ತುಂಬಿಕೊಳ್ಳುತ್ತಾನೆ. 40 ಡೆನ್ಸಿಟಿಯ (ಸಾಂದ್ರತೆಯ) ಸ್ಪಂಜು ಇರಬೇಕಾದಲ್ಲಿ 23ರದು ಸೇರುತ್ತದೆ. ಹೊಸತರಲ್ಲಿ ಗೊತ್ತಾಗುವುದಿಲ್ಲ, ಕೆಲವೇ ತಿಂಗಳಲ್ಲಿ ಸೀಟು ತಟ್ಟೆಯಂತೆ ಕುಸಿಯುತ್ತದೆ. ಮೇಲೆ ಥಳುಕು, ಒಳಗೆ ಹುಳುಕು ಎಂಬ ಗಾದೆ ಇದಕ್ಕೆಂದೇ ಹುಟ್ಟಿದಂತಿದೆ.

ಪರಿಹಾರ ದೊಡ್ಡದೇನಲ್ಲ. ಬಿಚ್ಚಿ ನೋಡಲು ಒಂದು ಸಣ್ಣ ಶುಲ್ಕ, ಬಿಚ್ಚಿದ ಮೇಲೆ ಮೊಬೈಲಿನಲ್ಲಿ ಒಂದು ಫೋಟೊ, ಚೀಟಿಯಲ್ಲಿ ಸ್ಪಂಜು, ರೆಕ್ಸಿನ್, ಕೂಲಿ ಎಂದು ಮೂರು ಸಾಲು. ಕೆಲಸ ಒಪ್ಪಿದರೆ ಆ ಶುಲ್ಕವನ್ನು ಬಿಲ್ಲಿನಲ್ಲಿ ವಜಾ ಮಾಡಿದರಾಯಿತು. ಒಳಗಿನದನ್ನು ಗಿರಾಕಿಯೇ ಕಣ್ಣಾರೆ ಕಂಡರೆ ಅರ್ಧ ಚೌಕಾಸಿ ಅಲ್ಲೇ ನಿಲ್ಲುತ್ತದೆ.

ನನ್ನ ಸೀಟನ್ನು ಕೊನೆಗೆ ಬೇರೊಬ್ಬರು ಬಿಚ್ಚಿದರು. ಸ್ಪಂಜನ್ನು ಎರಡು ದಿನ ಬಿಸಿಲಿಗಿಟ್ಟು, ಮೇಲೊಂದು ಪ್ಲಾಸ್ಟಿಕ್ ಹಾಳೆ ಹೊದಿಸಿ, ಹೊಲಿಗೆಯನ್ನು ಕೂರುವ ಜಾಗದಿಂದ ಪಕ್ಕಕ್ಕೆ ಸರಿಸಿ ಕವರ್ ಹಾಕಿದರು. ಮೊದಲಿನವರ ಎರಡರಷ್ಟು ಕೇಳಿದರು, ಕೊಟ್ಟೆ. ತಪ್ಪಿನಲ್ಲಿ ನಮ್ಮ ಪಾಲೂ ಇದೆ. ಅಂಗಡಿಯ ಮೆಟ್ಟಿಲು ಹತ್ತುತ್ತಲೇ ನಾವು ಕೇಳುವ ಮೊದಲ ಮಾತು ‘ಎಷ್ಟಾಗುತ್ತೆ?’ ಮುಂದಿನ ಸಲ ‘ಬಿಚ್ಚಿ ತೋರಿಸಿ’ ಎಂದು ಕೇಳಿ.